ತೆಂಗಿನ ಕರಟದ ಇದ್ದಿಲು ಮತ್ತು ನೀರಿನಲ್ಲಿರುವ ವಿಷಲೋಹಗಳು: ಹಾಲು ಉತ್ಪಾದಕರು ತಿಳಿದಿರಬೇಕಾದ ಸಂಗತಿಗಳು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಇಂತಹ ಶಿಬಿರಗಳಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಖನಿಜ ಮಿಶ್ರಣ ಇವುಗಳ ವಿಚಾರ ಮಾತನಾಡುವುದು ವಾಡಿಕೆ. ಈ ಸಲ ಇದ್ದಿಲಿನ ವಿಚಾರ ತೆಗೆದುಕೊಂಡಿದ್ದೇನೆ. ಇತ್ತೀಚೆಗೆ ಮೂರು ನಾಲ್ಕು ಸಂಘಗಳಲ್ಲಿ ಒಂದೇ ಪ್ರಶ್ನೆಯನ್ನು ನನಗೆ ಕೇಳಿದರು. "ಡಾಕ್ಟ್ರೇ, ತೆಂಗಿನ ಕರಟ ಸುಟ್ಟು ಮಾಡಿದ ಇದ್ದಿಲು ನೀರಿನಲ್ಲಿರೋ ಸೀಸ, ಪಾದರಸ ಎಲ್ಲಾ ಎಳ್ಕೊಳ್ಳುತ್ತಂತೆ. ನಮ್ಮ ಹಿತ್ತಲಲ್ಲಿ ಕರಟ ರಾಶಿ ಬಿದ್ದಿದೆ. ಸುಟ್ಟು ದನದ ತೊಟ್ಟಿಗೆ ಹಾಕಿದರೆ ಆಗುತ್ತಾ?"

ಕೇಳಿದ ಸಂಗತಿಯಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ನಂಬಿ ಉಳಿದರ್ಧವನ್ನು ಬಿಟ್ಟರೆ ಹಸುವಿಗೂ ಅಪಾಯ, ಹಾಲಿಗೂ ಅಪಾಯ. ಆದುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಇದ್ದಿಲಿಗೂ ಕ್ರಿಯಾಶೀಲ ಇಂಗಾಲಕ್ಕೂ ಇರುವ ಭೇದ ತಿಳಿಯೋಣ. ಅಂಗಡಿಯವರು, ಕಾರ್ಖಾನೆಯವರು ಇದನ್ನು ಆಕ್ಟಿವೇಟೆಡ್ ಕಾರ್ಬನ್ ಎನ್ನುತ್ತಾರೆ. ಕರಟವನ್ನು ಗಾಳಿ ತಗ್ಗಿಸಿ ಸುಟ್ಟರೆ ಅದರೊಳಗಿನ ತೇವ, ಹೊಗೆ, ಡಾಂಬರಿನಂತಹ ರಸ ಇವೆಲ್ಲ ಹೊರಟು ಹೋಗಿ ಇಂಗಾಲ ಉಳಿಯುತ್ತದೆ. ಇದಕ್ಕೆ 400ರಿಂದ 600 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಇಲ್ಲಿಗೆ ಸಿಕ್ಕುವುದು ಇದ್ದಿಲು. ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಆದರೆ ಬಹುಪಾಲು ರಂಧ್ರಗಳ ಬಾಯಿಗೆ ಆ ಡಾಂಬರು ಕಟ್ಟಿಕೊಂಡಿರುತ್ತದೆ. ಇದ್ದಿಲನ್ನು ಮತ್ತೆ 800ರಿಂದ 1000 ಡಿಗ್ರಿಯವರೆಗೆ ಕಾಯಿಸಿ ಅದರ ಮೇಲೆ ನೀರಾವಿ ಹಾಯಿಸಿದಾಗ ಆ ಡಾಂಬರು ಸುಟ್ಟುಹೋಗಿ, ರಂಧ್ರಗಳು ತೆರೆದು, ಒಳಗೆ ಇನ್ನಷ್ಟು ಕವಲೊಡೆಯುತ್ತವೆ. ಇದೇ ಕ್ರಿಯಾಶೀಲ ಇಂಗಾಲ. ನೀರಾವಿಯ ಬದಲು ರಂಜಕದ ಆಮ್ಲ ಅಥವಾ ಜಿಂಕ್ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಕಡಿಮೆ ಶಾಖದಲ್ಲಿ ಸುಡುವ ವಿಧಾನವೂ ಉಂಟು.

ರಂಧ್ರ ತೆರೆದರೆ ಏನು ಲಾಭ? ಒಳ್ಳೆಯ ಕರಟದ ಇಂಗಾಲದ ಒಂದು ಗ್ರಾಂನಲ್ಲಿ, ಅಂದರೆ ಒಂದು ಚಿಟಿಕೆಯಲ್ಲಿ, ಒಳಮೈ ಸುಮಾರು 1000 ಚದರ ಮೀಟರಿನಷ್ಟು ಇರುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಒಂದು ಚಿಟಿಕೆ ಪುಡಿಯೊಳಗೆ ಹತ್ತು ಗುಂಟೆ ನೆಲ ಮಡಿಸಿಟ್ಟಿದೆ ಎಂದುಕೊಳ್ಳಿ. ನೀರಿನಲ್ಲಿರುವ ಕಸ ಆ ನೆಲದ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ಬಟ್ಟೆ ನೀರು ಹೀರಿದಂತೆ ಇಂಗಾಲ ವಿಷವನ್ನು ಹೀರುವುದಿಲ್ಲ. ನೊಣ ಬೆಲ್ಲಕ್ಕೆ ಅಂಟಿದಂತೆ ವಿಷವೇ ಇಂಗಾಲದ ಮೈಗೆ ಅಂಟುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಏಕೆಂದರೆ ಎಲ್ಲವೂ ಅಂಟುವುದಿಲ್ಲ, ಮತ್ತು ಜಾಗ ತುಂಬಿದ ಮೇಲೆ ಯಾವುದೂ ಅಂಟುವುದಿಲ್ಲ.

ಈ ಗುಣವನ್ನು ಜನ ಬಹಳ ಕಾಲದಿಂದ ಬಲ್ಲರು. ನಮ್ಮ ಹಿರಿಯರು ಮೂರು ಮಡಕೆ ಒಂದರ ಮೇಲೊಂದಿಟ್ಟು ಮರಳು, ಇದ್ದಿಲು, ಜಲ್ಲಿ ಹಾಕಿ ನೀರು ಸೋಸುತ್ತಿದ್ದುದನ್ನು ಇಲ್ಲಿ ಕುಳಿತಿರುವ ಕೆಲವರಾದರೂ ನೋಡಿದ್ದೀರಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡುವ ಮುಖವಾಡಕ್ಕೆ ಇಂಗಾಲ ಸಾಲದೆ, 1918ರಲ್ಲಿ ಅಮೆರಿಕದ ಸರಕಾರ ಜನರಿಂದ ಪೀಚ್ ಹಣ್ಣಿನ ಓಟೆಗಳನ್ನು ಬೇಡಿ ಸಂಗ್ರಹಿಸಿತು. ಕರಟವನ್ನೂ ತರಿಸಿಕೊಂಡರು. ಗಟ್ಟಿಯಾದ ಓಟೆ, ಗಟ್ಟಿಯಾದ ಕರಟ ಇವುಗಳಿಂದ ಬರುವ ಇಂಗಾಲ ಪುಡಿಯಾಗದೆ ನಿಲ್ಲುತ್ತದೆ, ರಂಧ್ರವೂ ಬಹು ಸಣ್ಣದು. ಇವತ್ತಿಗೂ ಜಗತ್ತಿನ ಚಿನ್ನದ ಗಣಿಗಳಲ್ಲಿ ಸಯನೈಡ್ ನೀರಿನಲ್ಲಿ ಕರಗಿದ ಚಿನ್ನವನ್ನು ಹಿಡಿಯಲು ಹೆಚ್ಚಾಗಿ ಬಳಸುವುದು ಕರಟದ ಇಂಗಾಲವನ್ನೇ. ತಿಪಟೂರು, ತುರುವೇಕೆರೆಯ ಹಿತ್ತಲಲ್ಲಿ ಬೆಂಕಿಗೆ ಹಾಕುವ ಕರಟ ಚಿನ್ನ ಹಿಡಿಯುವ ಜಾತಿಗೆ ಸೇರಿದ್ದು ಎಂಬುದು ತಮಾಷೆಯಲ್ಲ.

ಶಿಬಿರದಲ್ಲಿ ಎರಡು ಬಾಟಲಿ ತೋರಿಸಿದೆನಲ್ಲ, ಓದುವವರಿಗಾಗಿ ಅದನ್ನೂ ಹೇಳುತ್ತೇನೆ. ಎರಡರಲ್ಲೂ ನೀರಿಗೆ ಒಂದೆರಡು ಹನಿ ನೀಲಿ ಶಾಯಿ ಹಾಕಿತ್ತು. ಒಂದಕ್ಕೆ ಒಲೆಯ ಇದ್ದಿಲನ್ನು ಕುಟ್ಟಿ ಹಾಕಿದೆವು, ಇನ್ನೊಂದಕ್ಕೆ ಅಷ್ಟೇ ತೂಕದ ಕ್ರಿಯಾಶೀಲ ಇಂಗಾಲ. ಕುಲುಕಿ ಸೋಸಿದಾಗ ಎರಡನೆಯದು ತಿಳಿಯಾಯಿತು, ಮೊದಲನೆಯದರಲ್ಲಿ ನೀಲಿ ಉಳಿದೇ ಇತ್ತು. ನೀವು ಮನೆಯಲ್ಲೂ ಮಾಡಿ ನೋಡಬಹುದು, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಒಂದು ಎಚ್ಚರಿಕೆ. ಬಣ್ಣ ಹೋಯಿತೆಂದರೆ ವಿಷ ಹೋಯಿತೆಂದಲ್ಲ. ಬಣ್ಣ, ವಾಸನೆ, ಕ್ಲೋರಿನ್, ಕೆಲವು ಕೀಟನಾಶಕಗಳು, ಇಂಥವು ಇಂಗಾಲಕ್ಕೆ ಸುಲಭವಾಗಿ ಅಂಟುತ್ತವೆ. ಲೋಹದ ಮಾತು ಬೇರೆ.

ಸೀಸ, ಕ್ಯಾಡ್ಮಿಯಂ, ಪಾದರಸ, ತಾಮ್ರ ಇವು ನೀರಿನಲ್ಲಿ ಕರಗಿದಾಗ ಸಾಮಾನ್ಯವಾಗಿ ಧನ ವಿದ್ಯುದಂಶವುಳ್ಳ ಕಣಗಳಾಗಿರುತ್ತವೆ. ಇಂಗಾಲದ ಮೈಯಲ್ಲಿ ಆಮ್ಲಜನಕ ಸೇರಿದ ಕೆಲವು ಜಾಗಗಳಿದ್ದು ಅಲ್ಲಿಗೆ ಇವು ಹೋಗಿ ಹಿಡಿದುಕೊಳ್ಳುತ್ತವೆ. ಬೇಸಾಯದ ಉಳಿಕೆಗಳಿಂದ ಮಾಡಿದ ಇಂಗಾಲದಲ್ಲಿ ಅಂತಹ ಜಾಗಗಳನ್ನು ಹೆಚ್ಚು ಮಾಡಬಹುದೆಂದು ವಿಜ್ಞಾನಿಗಳು ತೋರಿಸಿದ್ದಾರೆ. 1990ರ ದಶಕದಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಸಿ. ನಮಶಿವಾಯಂ ಮತ್ತು ಅವರ ಸಂಗಡಿಗರು ಕಡಲೆಕಾಯಿ ಸಿಪ್ಪೆಯಿಂದಲೂ, ತೆಂಗಿನ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿಯಿಂದಲೂ ಇಂಗಾಲ ಮಾಡಿ ಪಾದರಸ, ಕ್ಯಾಡ್ಮಿಯಂ ಹಿಡಿಸಿದರು. ಅಮೆರಿಕದ ಕೃಷಿ ಇಲಾಖೆಯ ನ್ಯೂ ಆರ್ಲಿಯನ್ಸ್ ಕೇಂದ್ರದವರು ಬಾದಾಮಿ ಸಿಪ್ಪೆ, ಸೋಯಾ ಸಿಪ್ಪೆಗಳಲ್ಲದೆ ಕೋಳಿ ಗೊಬ್ಬರದಿಂದಲೂ ಇಂಗಾಲ ಮಾಡಿದರು. ಕೋಳಿ ಗೊಬ್ಬರದಲ್ಲಿ ರಂಜಕ ಹೆಚ್ಚಾಗಿರುವುದರಿಂದ ಅದರ ಇಂಗಾಲ ತಾಮ್ರ, ಸತುವಿನಂತಹ ಲೋಹಗಳನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮಲ್ಲಿ ಕರಟ, ಕಡಲೆಕಾಯಿ ಸಿಪ್ಪೆ, ಮುಸುಕಿನ ಜೋಳದ ಬೆಂಡು, ಅಡಿಕೆ ಸಿಪ್ಪೆ, ಕಬ್ಬಿನ ಸಿಪ್ಪೆ ಎಲ್ಲವೂ ಈ ಕೆಲಸಕ್ಕೆ ಬರುವ ವಸ್ತುಗಳೇ. ಭತ್ತದ ಹೊಟ್ಟಿನಲ್ಲಿ ಐದರಲ್ಲೊಂದು ಪಾಲು ಬೂದಿಯೇ, ಅದೂ ಮರಳಿನ ಜಾತಿಯ ಬೂದಿ. ಅಕ್ಕಿ ಗಿರಣಿಯ ಕುಲುಮೆಯಿಂದ ತಂದ ಕಪ್ಪು ಬೂದಿಯನ್ನು ಕ್ರಿಯಾಶೀಲ ಇಂಗಾಲವೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಇಲ್ಲಿಯವರೆಗೆ ಹೇಳಿದ್ದು ಇಂಗಾಲದ ಗುಣಗಾನ. ಈಗ ನಮ್ಮ ಜಿಲ್ಲೆಯ ನೀರಿಗೆ ಬರೋಣ.

ನಮ್ಮ ಕೊಳವೆ ಬಾವಿಗಳಲ್ಲಿ ಕಾಣುವ ದೊಡ್ಡ ತೊಂದರೆ ಫ್ಲೋರೈಡ್. ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಮಕ್ಕಳ ಹಲ್ಲು, ಮುದುಕರ ಮೊಣಕಾಲು ಹೇಳುತ್ತವೆ. ಎತ್ತುಗಳ ಹಲ್ಲಿನಲ್ಲೂ ಕಂದು ಕಲೆ ಬಿದ್ದು ಸವೆದಿರುವುದನ್ನು, ಕಾಲಿನ ಮೂಳೆ ಗಂಟು ಕಟ್ಟಿ ಕುಂಟುವುದನ್ನು ನೋಡಿದ್ದೀರಿ. ಫ್ಲೋರೈಡ್ ಲೋಹವಲ್ಲ. ಅದು ಋಣ ವಿದ್ಯುದಂಶದ್ದು. ಕರಟದ ಇಂಗಾಲಕ್ಕೆ ಅದು ಹೇಳಿಕೊಳ್ಳುವಷ್ಟು ಅಂಟುವುದಿಲ್ಲ. ಇಲ್ಲಿ ಹೆಸರಿನಿಂದ ಒಂದು ಗೊಂದಲ ಆಗುತ್ತಿದೆ. ಫ್ಲೋರೈಡ್ ತೆಗೆಯಲು ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಬಿಳಿಯ ಹರಳು ಬಳಸುತ್ತಾರೆ. ಆಕ್ಟಿವೇಟೆಡ್ ಎಂಬ ಮೊದಲ ಪದ ಕೇಳಿ ಎರಡೂ ಒಂದೇ ಎಂದು ತಿಳಿದವರಿದ್ದಾರೆ. ಒಂದು ಕಪ್ಪು, ಒಂದು ಬಿಳಿ. ಕೆಲಸವೂ ಹಾಗೇ ಬೇರೆ.

ಇನ್ನು ಯುರೇನಿಯಂ. ಪೂರ್ವ ಕರ್ನಾಟಕದ 73 ಹಳ್ಳಿಗಳ ಕೊಳವೆ ಬಾವಿ ನೀರನ್ನು ಪರೀಕ್ಷಿಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು. ಇದು ಕಾರ್ಖಾನೆಯಿಂದ ಬಂದದ್ದಲ್ಲ, ಬಂಡೆಯಿಂದ ಬಂದದ್ದು. ಆಳಕ್ಕೆ ಹೋದಂತೆ ಸಿಕ್ಕುವ ನೀರು ಅದನ್ನು ಕರಗಿಸಿಕೊಂಡು ಬರುತ್ತದೆ. ಯುರೇನಿಯಂ ಭಾರಲೋಹವೇ ಸರಿ, ಆದರೆ ನಮ್ಮ ಕ್ಷಾರದ ನೀರಿನಲ್ಲಿ ಅದು ಸೋಡದ ಜಾತಿಯ ಲವಣಗಳ ಜೊತೆ ಕೂಡಿ ವೇಷ ಬದಲಾಯಿಸಿಕೊಂಡಿರುತ್ತದೆ. ಇಂಗಾಲದ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ. ರಾಯಚೂರು, ಯಾದಗಿರಿ ಕಡೆಯ ಕೆಲವು ಹಳ್ಳಿಗಳ ಆರ್ಸೆನಿಕ್, ಅಂದರೆ ಪಾಷಾಣ, ಅದರದೂ ಇದೇ ಕಥೆ. ಬರೀ ಇಂಗಾಲ ಅದಕ್ಕೆ ಸಾಲದು, ಕಬ್ಬಿಣದ ಲೇಪ ಕೊಟ್ಟ ವಸ್ತುಗಳು ಬೇಕು. ಗಡಸು ನೀರು, ನೈಟ್ರೇಟ್, ಉಪ್ಪು ಇವುಗಳಿಗಂತೂ ಇಂಗಾಲ ಮದ್ದಲ್ಲ. ಗಡಸು ನೀರಿನಲ್ಲಿರುವ ಸುಣ್ಣದಂಶ ಇಂಗಾಲದ ಮೈಮೇಲಿನ ಜಾಗಕ್ಕೆ ಸೀಸದ ಜೊತೆ ಪೈಪೋಟಿಗೆ ಬೇರೆ ಬೀಳುತ್ತದೆ.

ಈ ಮಾತು ಬಂದದ್ದರಿಂದ ಒಂದು ಮುಖ್ಯ ವಿಷಯ ಹೇಳಿಬಿಡುತ್ತೇನೆ, ಇದ್ದಿಲಿಗೆ ಸಂಬಂಧವಿಲ್ಲದಿದ್ದರೂ. ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಾಗಿವೆ. ಜನ ಕ್ಯಾನಿನಲ್ಲಿ ನೀರು ತರುತ್ತಾರೆ. ಒಳ್ಳೆಯದೇ. ಆದರೆ ಘಟಕದಿಂದ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಪೈಪಿನಲ್ಲಿ ದನದ ತೊಟ್ಟಿಗೆ ತಿರುಗಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರಿನಲ್ಲಿ ಕಂಡಿದ್ದೇನೆ. ನೀರು ಪೋಲಾಗಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಮಾಡಿರುತ್ತಾರೆ. ಲೆಕ್ಕ ಹಾಕಿ ನೋಡಿ. ಕೊಳವೆ ಬಾವಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದೆ ಎನ್ನೋಣ. ಅರ್ಧ ನೀರು ಶುದ್ಧವಾಗಿ ಹೊರಬಿತ್ತು. ಆ ಫ್ಲೋರೈಡ್ ಎಲ್ಲಿ ಹೋಯಿತು? ಉಳಿದರ್ಧ ನೀರಿಗೆ ಸೇರಿ ಅಲ್ಲಿ ಸುಮಾರು 4 ಮಿಲಿಗ್ರಾಂ ಆಯಿತು. ರಾಸುಗಳು ಕುಡಿಯುವ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಮಿತಿ 2 ಮಿಲಿಗ್ರಾಂ. ಮನುಷ್ಯರ ಪಾಲಿನ ವಿಷವನ್ನು ಕೂಡಿಸಿ ಹಸುವಿಗೆ ಕುಡಿಸಿದಂತಾಯಿತು. ದಯಮಾಡಿ ಆ ಪೈಪನ್ನು ತೊಟ್ಟಿಯಿಂದ ತೆಗೆಸಿ. ವಾಹನ ತೊಳೆಯಲು, ಶೌಚಾಲಯಕ್ಕೆ ಬಳಸಿಕೊಳ್ಳಲಿ.

ಈಗ ಸೀಸಕ್ಕೆ ಬರುತ್ತೇನೆ. ಪಶುವೈದ್ಯನಾಗಿ ನನಗೆ ಹೆಚ್ಚು ಭಯವಿರುವುದು ಇದರದ್ದೇ. ದನಕರುಗಳಲ್ಲಿ ಕಾಣುವ ಲೋಹದ ವಿಷಬಾಧೆಗಳಲ್ಲಿ ಸೀಸದ್ದು ಮೇಲುಗೈ. ಕರುಗಳು ಬೇಗ ಬಲಿಯಾಗುತ್ತವೆ. ಇದ್ದಕ್ಕಿದ್ದಂತೆ ಕಣ್ಣು ಕಾಣದಂತಾಗುತ್ತದೆ, ಹಲ್ಲು ಕಡಿಯುತ್ತದೆ, ಕಿವಿ, ರೆಪ್ಪೆ ಅದುರುತ್ತವೆ, ಗೋಡೆಗೋ ಗೂಟಕ್ಕೋ ತಲೆ ಒತ್ತಿ ನಿಲ್ಲುತ್ತದೆ, ಜೊಲ್ಲು ಸುರಿಸುತ್ತದೆ, ಸೆಟೆದು ಬೀಳುತ್ತದೆ. ನೋಡಿದವರು ಹುಚ್ಚುನಾಯಿ ಕಚ್ಚಿದೆ ಎನ್ನುತ್ತಾರೆ. ಹಾಗೂ ಇರಬಹುದು. ಆದುದರಿಂದ ಇಂತಹ ರಾಸಿನ ಬಾಯಿಗೆ ಕೈ ಹಾಕಬೇಡಿ, ವೈದ್ಯರು ಬರುವ ತನಕ ಕಾಯಿರಿ.

ಕೆಲವು ವರ್ಷಗಳ ಹಿಂದೆ ಒಂದು ಹಟ್ಟಿಯಲ್ಲಿ ವಾರದೊಳಗೆ ಎರಡು ಕರು ಹೀಗೆ ಸತ್ತವು. ಮೂರನೆಯದು ನಾನು ಹೋದಾಗ ಗೋಡೆಗೆ ತಲೆ ಕೊಟ್ಟು ನಿಂತಿತ್ತು. ಮನೆಯವರಿಗೆ ನೀರಿನ ಮೇಲೆ ಅನುಮಾನ, ಹೊಸದಾಗಿ ಕೊಳವೆ ಬಾವಿ ಹಾಕಿಸಿದ್ದರು. ಇದ್ದಿಲು ಕುಟ್ಟಿ ಚೀಲದಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟಿದ್ದರು. ನೀರಿನ ಮಾದರಿ ಕಳಿಸಿದೆವು, ಸೀಸದ ಮಟ್ಟಿಗೆ ನೀರು ಶುದ್ಧವಾಗಿಯೇ ಬಂತು. ಆಮೇಲೆ ತಿಳಿದದ್ದು, ಹಿಂದಿನ ಬೇಸಿಗೆಯಲ್ಲಿ ಯಾರೋ ಬಂದು ಪಕ್ಕದ ಬೀಳಿನ ಹುಣಸೆ ಮರದ ಕೆಳಗೆ ಹಳೇ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸಿಕೊಂಡು ಹೋಗಿದ್ದರು. ಬೂದಿ, ಒಡಕು, ಕಪ್ಪು ಪುಡಿ ಅಲ್ಲೇ ಬಿದ್ದಿತ್ತು. ಸೀಸದ ಲವಣಕ್ಕೆ ಸಿಹಿ ರುಚಿ ಇರುವುದರಿಂದ ಕರುಗಳು ನೆಕ್ಕುತ್ತವೆ. ಮೂರನೆಯ ಕರು ಚಿಕಿತ್ಸೆಗೆ ಉಳಿಯಿತು, ಕಣ್ಣು ಮಾತ್ರ ಪೂರ್ತಿ ಬರಲಿಲ್ಲ. ಮೇಲ್ಮಣ್ಣು ಕೆರೆಸಿ, ಬೇಲಿ ಹಾಕಿಸಿ, ಆ ಬೀಳಿನ ಹುಲ್ಲು ಕೊಯ್ಯದಂತೆ ಹೇಳಿ ಬಂದೆವು.

ಆ ಮನೆಯ ಯಜಮಾನರು ಆಗ ಕೇಳಿದ ಪ್ರಶ್ನೆ ನ್ಯಾಯವಾದದ್ದು. "ನೀವೇ ವಿಷಪ್ರಾಶನಕ್ಕೆ ಇದ್ದಿಲು ಪುಡಿ ಕುಡಿಸ್ತೀರಲ್ಲ ಸ್ವಾಮಿ?" ಹೌದು, ಕುಡಿಸುತ್ತೇವೆ. ಕೀಟನಾಶಕ ತಿಂದ ಹಸುವಿಗೆ, ಕೆಲವು ವಿಷಗಿಡ ಮೇಯ್ದ ಹಸುವಿಗೆ ದೇಹದ ತೂಕದ ಕಿಲೋ ಒಂದಕ್ಕೆ 1ರಿಂದ 3 ಗ್ರಾಂ ಲೆಕ್ಕದಲ್ಲಿ ಕ್ರಿಯಾಶೀಲ ಇಂಗಾಲವನ್ನು ನೀರಿನಲ್ಲಿ ಕದಡಿ ನಳಿಗೆಯ ಮೂಲಕ ಹೊಟ್ಟೆಗೆ ಬಿಡುತ್ತೇವೆ. 400 ಕಿಲೋ ಹಸುವಿಗೆ ಕಡಿಮೆಯೆಂದರೂ 400 ಗ್ರಾಂ. ಒಲೆಯ ಇದ್ದಿಲು ಇದಕ್ಕೆ ಬದಲಿಯಲ್ಲ. ಆದರೆ ಸೀಸ ತಿಂದ ಹಸುವಿಗೆ ಈ ಇಂಗಾಲವೂ ಕೆಲಸಕ್ಕೆ ಬಾರದು. ಹೊಟ್ಟೆಯೊಳಗೆ ನೂರೆಂಟು ವಸ್ತುಗಳ ನಡುವೆ ಸೀಸ ಅದಕ್ಕೆ ಅಂಟುವುದಿಲ್ಲ. ಅಲ್ಲಿ ಕ್ಯಾಲ್ಸಿಯಂ ಇಡಿಟಿಎ, ಬಿ1 ಜೀವಸತ್ವ, ಮೆಗ್ನೀಸಿಯಂ ಸಲ್ಫೇಟ್ ಇವು ಬೇಕು, ಅದೂ ಬೇಗ ಬೇಕು.

ಬದುಕಿ ಉಳಿದ ಹಸುವಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೀಸ ಸುಣ್ಣದ ವೇಷದಲ್ಲಿ ಮೂಳೆಗೆ ಸೇರಿಕೊಳ್ಳುತ್ತದೆ. ಮುಂದೆ ಕರು ಹಾಕಿ, ಹಾಲಿಗಾಗಿ ಮೂಳೆಯ ಸುಣ್ಣ ಕರಗುವಾಗ ಅದೂ ಹೊರಬಂದು ಸ್ವಲ್ಪ ಸ್ವಲ್ಪ ಹಾಲಿಗೆ ಇಳಿಯುತ್ತದೆ. ಸೀಸ, ಸತುವು ಕರಗಿಸುವ ಕಾರ್ಖಾನೆಯ ಸುತ್ತಲ ಹಸುಗಳ ರಕ್ತದಲ್ಲೂ ಹಾಲಿನಲ್ಲೂ ಸೀಸ ಹೆಚ್ಚಾಗಿರುವುದನ್ನು ನಮ್ಮ ದೇಶದ ಪಶುವೈದ್ಯ ವಿಜ್ಞಾನಿಗಳು 2005ರಲ್ಲೇ ಪ್ರಕಟಿಸಿದ್ದಾರೆ. ಹಾಲಿನಲ್ಲಿ ಸೀಸಕ್ಕೆ ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 0.02 ಮಿಲಿಗ್ರಾಂ. ಸಂಘದಲ್ಲಿ ಬೆಳಿಗ್ಗೆ ಸಾಯಂಕಾಲ ನಾವು ನೋಡುವ ಫ್ಯಾಟ್, ಎಸ್.ಎನ್.ಎಫ್., ಲ್ಯಾಕ್ಟೋಮೀಟರು ಇವುಗಳಿಗೆ ಅದು ಕಾಣುವುದಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ಪಾಶ್ಚೀಕರಿಸಿದರೂ ಹೋಗುವುದಿಲ್ಲ. ಮೊದಲು ಕುಡಿಯುವುದು ನಮ್ಮ ಮನೆಯ ಮಗು.

ಹಾಗಾದರೆ ನೀರಿನಲ್ಲಿ ಲೋಹ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಪಟ್ಟಣದ ಕೊಳಚೆಯಿಂದ, ಕಾರ್ಖಾನೆಯ ಹೊರನೀರಿನಿಂದ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲಕ್ಕೆ ಲೋಹಲೇಪನದ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ವೃಷಭಾವತಿಯ ನೀರು ಸೇರುವ ಬೈರಮಂಗಲ ಕೆರೆಯ ಕೆಳಗೆ ಅದೇ ನೀರಿನಲ್ಲಿ ಹಸಿರು ಮೇವು ಬೆಳೆದು ಹಸುಗಳಿಗೆ ಹಾಕಿದ್ದಾರೆ. ಕ್ರಿಯಾಶೀಲ ಇಂಗಾಲದ ನಿಜವಾದ ಜಾಗ ಇಂತಹ ಕಾರ್ಖಾನೆಗಳ ಶುದ್ಧೀಕರಣ ತೊಟ್ಟಿ. ಅಲ್ಲಿ ನೀರಿನ ಹುಳಿಯನ್ನು ಬೇಕಾದಂತೆ ಹೊಂದಿಸಬಹುದು. ಕ್ರೋಮಿಯಂ ಹುಳಿ ನೀರಿನಲ್ಲಿ ಅಂಟುತ್ತದೆ, ಸೀಸ, ಕ್ಯಾಡ್ಮಿಯಂ ಹುಳಿ ಹೆಚ್ಚಾದರೆ ಅಂಟುವುದಿಲ್ಲ. ನೀರು ಹೊರಬಿಡುವ ಮೊದಲು ಪ್ರತಿದಿನ ಪರೀಕ್ಷೆ ಮಾಡಲು ಅಲ್ಲಿ ಜನರಿರುತ್ತಾರೆ, ಉಪಕರಣವಿರುತ್ತದೆ. ಕೊಳೆ ಮಾಡಿದವರು ಅಲ್ಲೇ ತೊಳೆಯಬೇಕು. ನಮ್ಮ ತೊಟ್ಟಿಯ ತನಕ ಅದನ್ನು ಬರಲು ಬಿಟ್ಟು ನಮಗೆ ಇದ್ದಿಲು ಹಾಕಿಕೊಳ್ಳಿ ಎನ್ನುವುದು ನ್ಯಾಯವಲ್ಲ.

ಆದರೂ ನಾವೇ ಒಂದು ಡ್ರಮ್ಮಿಗೆ ಇಂಗಾಲ ತುಂಬಿ ನೀರು ಹಾಯಿಸಿದರೆ ಏನು ಎಂದು ಕೇಳುವವರಿಗೆ ಒಂದು ಲೆಕ್ಕ. ಹಾಲು ಕರೆಯುವ ಮಿಶ್ರತಳಿ ಹಸುವೊಂದು ದಿನಕ್ಕೆ ಸುಮಾರು 60 ಲೀಟರ್ ನೀರು ಕುಡಿಯುತ್ತದೆ. ಐದು ಹಸುವಿಗೆ 300 ಲೀಟರ್. ರಾಸುಗಳ ನೀರಿನಲ್ಲಿ ಸೀಸಕ್ಕೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ನಮ್ಮ ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ 0.01. ನಿಮ್ಮ ನೀರಿನಲ್ಲಿ 0.2 ಇದೆ ಎನ್ನೋಣ. ದಿನಕ್ಕೆ 60 ಮಿಲಿಗ್ರಾಂ ಸೀಸ ಹಿಡಿಯಬೇಕು. ಗ್ರಾಂ ಇಂಗಾಲ ಒಂದು ಮಿಲಿಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಕಿಲೋ ಇಂಗಾಲ ಹದಿನಾರು ದಿನಕ್ಕೆ ತುಂಬಿತು. ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆ ಓದಿರಬಹುದು. ಅವು ಪ್ರಯೋಗಾಲಯದಲ್ಲಿ ಸೀಸ ದಂಡಿಯಾಗಿ ಬೆರೆಸಿದ ಶುದ್ಧ ನೀರಿನಲ್ಲಿ ಬಂದ ಸಂಖ್ಯೆಗಳು. ಸೀಸ ತೆಳುವಾಗಿದ್ದಷ್ಟೂ ಇಂಗಾಲ ಹಿಡಿಯುವುದು ಕಡಿಮೆ. ಹದಿನೇಳನೆಯ ದಿನ ಏನಾಗುತ್ತದೆ? ನೀರಿನ ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ. ಫಿಲ್ಟರ್ ಮಾರುವವರು ನೀರಿಗೆ ಅದ್ದಿ ತೋರಿಸುವ ಟಿ.ಡಿ.ಎಸ್. ಮೀಟರಿನಲ್ಲೂ ಇಷ್ಟು ಸಣ್ಣ ಪ್ರಮಾಣ ಗೊತ್ತಾಗುವುದಿಲ್ಲ. ಸೋಸಿದ ನೀರು ಎಂಬ ಧೈರ್ಯದಲ್ಲಿ ವಿಷವನ್ನೇ ಕುಡಿಸುತ್ತಿರುತ್ತೀರಿ. ಹಳೆಯ ಇಂಗಾಲದಲ್ಲಿ ರೋಗಾಣುಗಳೂ ಮನೆ ಮಾಡುತ್ತವೆ. ಇನ್ನು ತೊಟ್ಟಿಗೆ ಚೀಲ ಇಳಿಬಿಡುವುದಂತೂ ಬರೀ ಸಮಾಧಾನಕ್ಕೆ. ನೀರು ಇಂಗಾಲದ ನಡುವೆ ನಿಧಾನವಾಗಿ ಹಾದು ಹೋದರೆ ಮಾತ್ರ ಏನಾದರೂ ಅಂಟೀತು.

ತುಂಬಿದ ಇಂಗಾಲವನ್ನು ಎಲ್ಲಿ ಹಾಕುತ್ತೀರಿ ಎಂದೂ ಯೋಚಿಸಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ, ಹೊಲದಿಂದ ಮೇವಿಗೆ, ಮೇವಿನಿಂದ ಅದೇ ಹಸುವಿಗೆ. ಸುಟ್ಟರೆ ಇಂಗಾಲ ಹೋಗುತ್ತದೆ, ಸೀಸ ಬೂದಿಯಲ್ಲೂ ಹೊಗೆಯಲ್ಲೂ ಉಳಿಯುತ್ತದೆ.

ಕರಟದ ರಾಶಿ ಇಟ್ಟುಕೊಂಡು ಕೇಳಿದವರನ್ನು ಬರಿಗೈಲಿ ಕಳಿಸುವುದಿಲ್ಲ. ಇದ್ದಿಲು ಮಾಡಿ, ಮಾರಿ. ಕೊಯಮತ್ತೂರು, ಕಾಂಗೇಯಂ ಸೀಮೆಯಲ್ಲಿ ಕರಟದ ಇದ್ದಿಲನ್ನು ಕೊಂಡು ಕ್ರಿಯಾಶೀಲ ಇಂಗಾಲ ಮಾಡುವ ಕಾರ್ಖಾನೆಗಳಿವೆ, ಮಾಲು ಹೊರದೇಶಕ್ಕೂ ಹೋಗುತ್ತದೆ. ಸಾವಿರ ಕರಟಕ್ಕೆ ಸುಮಾರು 35 ಕಿಲೋ ಇದ್ದಿಲು ಬರುತ್ತದೆ. ಅಷ್ಟರಿಂದ ಕಾರ್ಖಾನೆಯವರಿಗೆ ಸಿಕ್ಕುವ ಕ್ರಿಯಾಶೀಲ ಇಂಗಾಲ ಹತ್ತು ಹನ್ನೆರಡು ಕಿಲೋ ಮಾತ್ರ. ಒಂದು ಮನೆಯ ಕರಟ ಸಾಲದು, ಊರಿನವರು ಕೂಡಿದರೆ ಒಂದು ಲೋಡಾದೀತು.

ಮಾಡುವ ಕ್ರಮ ಕಷ್ಟವಲ್ಲ. ಬಲಿತ, ಒಣಗಿದ, ನಾರು ಮಣ್ಣಿಲ್ಲದ ಕರಟ ಬೇಕು. 200 ಲೀಟರಿನ ಕಬ್ಬಿಣದ ಡ್ರಮ್ಮಿಗೆ ಸುತ್ತಲೂ ಕೆಳಗೆ, ನಡುವೆ, ಮೇಲೆ ಮೂರು ಸಾಲು ತೂತು ಹೊಡೆಯಿರಿ. ಕೀಟನಾಶಕ ಬಂದಿದ್ದ ಡ್ರಮ್ಮು ಬೇಡವೇ ಬೇಡ. ತಳದಲ್ಲಿ ಸ್ವಲ್ಪ ಕರಟ ಹಾಕಿ ಬೆಂಕಿ ಹಿಡಿಸಿ, ಮೇಲೆ ಮೇಲೆ ತುಂಬುತ್ತಾ ಹೋಗಿ. ಕೆಳಸಾಲಿನಲ್ಲಿ ಕೆಂಡ ಕೆಂಪಗೆ ಕಂಡಾಗ ಆ ತೂತುಗಳನ್ನು ಹಸಿಮಣ್ಣಿನಿಂದ ಮುಚ್ಚಿ, ಆಮೇಲೆ ನಡುಸಾಲು, ಆಮೇಲೆ ಮೇಲಿನದು. ದಟ್ಟ ಬಿಳಿ ಹೊಗೆ ಹೋಗಿ ತೆಳು ನೀಲಿ ಹೊಗೆ ಬಂದಾಗ ಮುಚ್ಚಳ ಹಾಕಿ ಸಂದಿಗೆ ಮಣ್ಣು ಮೆತ್ತಿ. ಪೂರ್ತಿ ಆರುವ ತನಕ, ಮಾರನೆಯ ದಿನದವರೆಗಾದರೂ, ತೆರೆಯಬಾರದು. ಬಿಸಿಯಿದ್ದಾಗ ತೆರೆದರೆ ಗಾಳಿ ತಗುಲಿ ಹೊತ್ತಿಕೊಳ್ಳುತ್ತದೆ. ಒಳ್ಳೆಯ ಇದ್ದಿಲನ್ನು ಕಲ್ಲಿನ ಮೇಲೆ ಹಾಕಿದರೆ ಕಂಚಿನಂತೆ ಠಣ್ ಎನ್ನುತ್ತದೆ, ಮುರಿದ ಜಾಗ ಹೊಳೆಯುತ್ತದೆ. ಕಂದು ಬಣ್ಣ ಉಳಿದಿದ್ದರೆ ಬೆಂದಿಲ್ಲ, ಬೂದಿ ಹೆಚ್ಚಾಗಿದ್ದರೆ ಗಾಳಿ ಹೆಚ್ಚಾಯಿತು. ಈ ಕೆಲಸ ಕೊಟ್ಟಿಗೆಯಿಂದ ದೂರ, ಗಾಳಿಯ ಕೆಳಗಡೆ ಇರಲಿ. ಹೊಗೆಯಲ್ಲಿ ವಿಷಾನಿಲವಿದೆ, ಮುಚ್ಚಿದ ಕೋಣೆಯಲ್ಲಿ ಮಾಡಿದರೆ ಜೀವಕ್ಕೆ ಅಪಾಯ. ಮತ್ತು ಹಾಲು ಹೊಗೆಯ ವಾಸನೆಯನ್ನು ಬೇಗ ಹಿಡಿಯುತ್ತದೆ, ಸಂಘದಲ್ಲಿ ವಾಪಸು ಬಂದೀತು. ಆಮ್ಲದಲ್ಲಿ ನೆನೆಸಿ ಸುಡುವ ವಿಧಾನವನ್ನು ಮಾತ್ರ ಮನೆಯಲ್ಲಿ ಯಾರೂ ಕೈಗೆತ್ತಿಕೊಳ್ಳಬೇಡಿ. ಕೈ ಕಣ್ಣು ಸುಡುವುದಲ್ಲದೆ, ಸರಿಯಾಗಿ ತೊಳೆಯದಿದ್ದರೆ ಆ ರಾಸಾಯನಿಕವೇ ನೀರಿಗೆ ಇಳಿಯುತ್ತದೆ.

ಇನ್ನು ನೀರಿನ ಪರೀಕ್ಷೆ. ಪಂಚಾಯಿತಿಯಲ್ಲಿರುವ ಪರೀಕ್ಷಾ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ತಿಳಿಯುತ್ತದೆ, ಸೀಸ ತಿಳಿಯುವುದಿಲ್ಲ. ಸೀಸ, ಕ್ಯಾಡ್ಮಿಯಂ ನೋಡಬೇಕಾದರೆ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕು. ಎಲ್ಲರೂ ಮಾಡಿಸುವ ಅಗತ್ಯವಿಲ್ಲ. ಪಟ್ಟಣದ ಕೊಳಚೆ ಕಾಲುವೆ, ಕಾರ್ಖಾನೆ, ಕಸದ ಗುಡ್ಡೆ, ಬ್ಯಾಟರಿ ಅಥವಾ ಗುಜರಿ ಕೆಲಸ ನಡೆಯುವ ಜಾಗ ಇವುಗಳ ಹತ್ತಿರ ಬಾವಿ ಇರುವವರು, ಮತ್ತು ಕಾರಣ ತಿಳಿಯದೆ ಕರುಗಳು ಕುರುಡಾಗಿ ಸತ್ತ ಮನೆಯವರು ಮೊದಲು ಬರಲಿ. ಲೋಹದ ಪರೀಕ್ಷೆಗೆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಬೇಕು, ಲೋಹ ಬಾಟಲಿಯ ಗೋಡೆಗೆ ಅಂಟದಂತೆ ಮಾದರಿಗೆ ಆಮ್ಲದ ಹನಿ ಸೇರಿಸುತ್ತಾರೆ. ಆದುದರಿಂದ ಹಳೇ ಎಣ್ಣೆ ಕ್ಯಾನು, ಹಾಲಿನ ಕ್ಯಾನಿನಲ್ಲಿ ತರಬೇಡಿ. ಪಂಪು ಐದು ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ. ತೊಟ್ಟಿಯ ನೀರು ಬೇರೆ, ಬಾವಿಯ ನೀರು ಬೇರೆ ಎಂದು ಎರಡು ಮಾದರಿ ಇದ್ದರೆ ಒಳ್ಳೆಯದು. ಹಳೆಯ ಬಣ್ಣ ಬಳಿದ ತೊಟ್ಟಿಯಿಂದಲೇ ಸೀಸ ಬಿಡುವುದುಂಟು. ಬಾಟಲಿಯ ಮೇಲೆ ಹೆಸರು, ಊರು, ಬಾವಿಯ ಆಳ, ಹಿಡಿದ ದಿನಾಂಕ ಬರೆದ ಚೀಟಿ ಅಂಟಿಸಿ ಸಂಘದ ಕಾರ್ಯದರ್ಶಿಗಳ ಕೈಗೆ ಕೊಡಿ. ಕಳಿಸುವ ವ್ಯವಸ್ಥೆಯನ್ನು ಅವರೊಂದಿಗೆ ಮಾತನಾಡಿಕೊಳ್ಳುತ್ತೇನೆ.